ತೋಟದ ಮನೆಯಿಂದ, ಡಬ್ಲಿನ್‌ನಲ್ಲಿರುವ ಗೆಳೆಯನಿಗೆ

ಪ್ರೀತಿಯ ಗೆಳೆಯಾ,

ಬೆಂಗಳೂರಿನ ಮನೆ ಖಾಲಿ ಮಾಡಿ ಶಿರಸಿಗೆ ಬಂದಿದ್ದೇವೆ ಅಂತ ನಿನಗೆ ಒಂದೇ ಸಾಲಿನ ಮೆಸೇಜ್ ಹಾಕಿದ್ದೆ. ನೀನು ವಾಪಸ್ ಕೇಳಿದ ಪ್ರಶ್ನೆಗಳು ಮಾತ್ರ ಒಂದು ಪುಟ ಇದ್ದವು. ಅವಕ್ಕೆಲ್ಲ ಉತ್ತರ ಬರೆಯೋಕೆ ಇವತ್ತು ಕೂತಿದ್ದೇನೆ. ನಿನ್ನ ಹಾಗೇ ಕೇಳುತ್ತಿರುವವರು ಇನ್ನೂ ಸುಮಾರು ಜನ ಇದ್ದಾರೆ, ಅವರೂ ಓದಲಿ ಅಂತ ಎಲ್ಲರಿಗೂ ಕಾಣುವ ಹಾಗೆ ಬರೆಯುತ್ತಿದ್ದೇನೆ. ಶ್ರಾವಣ ಬಂತು, ಮಳೆ ಬಿಟ್ಟು ಸ್ವಲ್ಪ ಹೊಳವಾಗಿದೆ, ಕರೆಂಟೂ ಇದೆ.

ಮೊದಲು ದೊಡ್ಡ ಸುದ್ದಿ ಹೇಳಿಬಿಡುತ್ತೇನೆ. ಡಿಸೆಂಬರ್‌ಗೆ ನಾವು ಮೂವರಿದ್ದವರು ನಾಲ್ವರಾಗುತ್ತೇವೆ. ನನ್ನ ಹೆಂಡತಿಗೆ ಈಗ ಐದು ತಿಂಗಳು. ವಾಂತಿಯೆಲ್ಲ ನಿಂತಿದೆ, ಊಟ ಸೇರುತ್ತಿದೆ, ಆಶಾ ಕಾರ್ಯಕರ್ತೆ ಮಳೆಯಲ್ಲೇ ನಡೆದು ಬಂದು ತಾಯಿ ಕಾರ್ಡು ಮಾಡಿಸಿಕೊಟ್ಟು, ಕಬ್ಬಿಣದ ಮಾತ್ರೆ ಕೊಟ್ಟು, ತಪ್ಪದೆ ನುಂಗಬೇಕು ಅಂತ ನನಗೇ ಗದರಿ ಹೋದರು. ಮಗಳು ಪುಟ್ಟಿಗೆ ತಂಗಿಯೇ ಬೇಕಂತೆ. ಅಮ್ಮ ಮಾತ್ರ ಏನೂ ಹೇಳುವುದಿಲ್ಲ, ಹಳೇ ಹತ್ತಿ ಸೀರೆಗಳನ್ನು ಒಗೆದು ಮಡಚಿಡುತ್ತಿದ್ದಾರೆ.

ಈಗ ನಿನ್ನ ಮುಖ್ಯ ಪ್ರಶ್ನೆ. ಯಾಕೆ ಬಂದ್ರಿ?

ಕೆಲಸ ಬಿಟ್ಟು ಕೃಷಿಗೆ ಮರಳಿದ ದಂಪತಿ ಅಂತ ಪೇಪರಿನಲ್ಲಿ ಬರುತ್ತಲ್ವಾ, ನಮ್ಮದು ಆ ಕಥೆ ಅಲ್ಲ. ಕೆಲಸ ಬಿಟ್ಟಿಲ್ಲ. ಬೆಂಗಳೂರಿನ ಮೇಲೆ ನನಗೆ ಸಿಟ್ಟೂ ಇಲ್ಲ, ಆ ಊರು ನಮ್ಮಿಬ್ಬರಿಗೂ ಅನ್ನ ಕೊಟ್ಟಿದೆ, ಇವಳನ್ನು ಕೊಟ್ಟಿದೆ. ಆದರೆ ಹೋದ ಮಳೆಗಾಲದಲ್ಲಿ ಅಪ್ಪ ತೋಟದ ಕಾಲುಸಂಕದ ಹತ್ತಿರ ಪಾಚಿಗಟ್ಟಿದ ಕಲ್ಲಿನ ಮೇಲೆ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಆಯಿತು, ಈಗ ಕೋಲು ಹಿಡಿದು ಅಂಗಳದವರೆಗೆ ಬರುತ್ತಾರೆ. ಬಿದ್ದ ದಿನ ಅವರನ್ನು ಎತ್ತಿ ಕಾರಿಗೆ ಹಾಕೋಕೆ ಕೇರಿಯಲ್ಲಿ ಗಟ್ಟಿ ಕೈಯವರು ಇರಲಿಲ್ಲ. ನಮ್ಮ ಕೇರಿಯ ಮನೆಗಳನ್ನು ಒಂದು ಸಲ ನೆನಪು ಮಾಡಿಕೋ. ಪ್ರತಿ ಮನೆಯಲ್ಲೂ ಇಬ್ಬರು ವಯಸ್ಸಾದವರು, ಒಂದು ಟಿವಿ, ಜಗಲಿಯಲ್ಲಿ ಮಕ್ಕಳ ಪದವಿ ಪ್ರದಾನದ ಫೋಟೋ. ಅವತ್ತು ಅಪ್ಪನನ್ನು ಎತ್ತಿದ್ದು ಎಪ್ಪತ್ತು ದಾಟಿದ ನಿನ್ನ ಅಪ್ಪ, ಹಾಲಿನ ಡೈರಿಯ ಹುಡುಗ ಮತ್ತು ಅಮ್ಮ. ಅದನ್ನು ಕೇಳಿದ ಮೇಲೆ ನನಗೆ ಅಲ್ಲಿ ಕೂರೋಕೆ ಆಗಲಿಲ್ಲ. ಇಲ್ಲಿ ಜನ ಬೇಕು ಕಣೋ. ದುಡ್ಡು ಕಳಿಸುವವರು ಇದ್ದಾರೆ, ಮನೆಯಲ್ಲಿ ಇರುವವರು ಬೇಕು. ನಾವು ಬಂದಿದ್ದು ಅದಕ್ಕೆ.

ಇವಳನ್ನು ಒಪ್ಪಿಸಿದೆ ಅಂದುಕೊಳ್ಳಬೇಡ. ಮೊದಲು ಮಾತೆತ್ತಿದ್ದೇ ಅವಳು. ಆದರೆ ಸುಮ್ನೆ ಬಂದಿಲ್ಲ. ತನ್ನ ಕೆಲಸ ನಿಲ್ಲಬಾರದು, ತನಗೊಂದು ಬಾಗಿಲು ಹಾಕಿಕೊಳ್ಳುವ ಕೋಣೆ ಬೇಕು, ಸ್ಕೂಟರ್ ತನ್ನ ಹೆಸರಿನಲ್ಲೇ ಇರಬೇಕು ಅಂದಳು. ಮೂರೂ ಆಗಿವೆ. ಮೆತ್ತಿನ, ಅಂದರೆ ಮಹಡಿಯ, ಮೇಲಿನ ಅಡಿಕೆ ಮೂಟೆಗಳನ್ನು ಕೆಳಗಿಳಿಸಿ, ಅಲ್ಲಿ ಮೇಜು ಹಾಕಿ, ಶಿರಸಿ ಪೇಟೆಯ ಕೆಲವು ಅಂಗಡಿಗಳ ಲೆಕ್ಕ ಬರೆಯುತ್ತಾಳೆ, ಜಿಎಸ್‌ಟಿ ತುಂಬುತ್ತಾಳೆ. ತಿಂಗಳ 20ನೇ ತಾರೀಕು ಹತ್ತಿರ ಬಂದರೆ ಮೆತ್ತಿನಿಂದ ಕೆಳಗೆ ಇಳಿಯುವುದೇ ಕಮ್ಮಿ. ಅಪ್ಪನಿಗೆ ಇದು ಬಹಳ ಹೆಮ್ಮೆ. ಬಂದವರಿಗೆಲ್ಲ, ನಮ್ಮ ಸೊಸೆ ಪೇಟೆ ಅಂಗಡಿಗಳ ಲೆಕ್ಕ ನೋಡ್ತಾಳೆ ಅಂತ ಹೇಳುತ್ತಾರೆ.

ಮಳೆ ಮಾತ್ರ ಅವಳಿಗೆ ಕಷ್ಟವಾಯಿತು. ದಾವಣಗೆರೆಯವಳು, ಬಿಸಿಲಿನಲ್ಲಿ ಬೆಳೆದವಳು. ಜೂನ್‌ನಿಂದ ಆಗಸ್ಟ್‌ವರೆಗೆ ಬಟ್ಟೆ ಒಣಗುವುದಿಲ್ಲ ಅಂದರೆ ನಂಬಿರಲಿಲ್ಲ. ಈಗ ಬಚ್ಚಲ ಒಲೆಯ ಮೇಲೆ ಹಗ್ಗ ಕಟ್ಟಿದ್ದೇವೆ, ಮನೆಯ ಬಟ್ಟೆಗೆಲ್ಲ ಹೊಗೆಯ ವಾಸನೆ. ಉಂಬಳ (ಜಿಗಣೆ) ಕಚ್ಚಿದರೆ ಮೊದಲೆಲ್ಲ ಕೂಗುತ್ತಿದ್ದಳು, ಈಗ ಉಪ್ಪಿನ ಡಬ್ಬಿ ಜೊತೆಗೇ ಇಟ್ಟುಕೊಳ್ಳುತ್ತಾಳೆ. ಮನೆ ಹಿಂದಿನ ಬೆಟ್ಟ ನೋಡಿ, ಇಷ್ಟು ಕಾಡು ನಿಮ್ಮದಾ ಅಂತ ಕೇಳಿದಳು. ನಮ್ಮದಲ್ಲ, ಸರ್ಕಾರದ್ದು, ಎಕರೆ ತೋಟಕ್ಕೆ ಒಂಬತ್ತು ಎಕರೆ ಬೆಟ್ಟ ಅಂತ ಬ್ರಿಟಿಷರ ಕಾಲದಿಂದ ತೋಟಕ್ಕೆ ಹಾಕುವ ಸೊಪ್ಪಿನ ಹಕ್ಕು ಅಷ್ಟೇ ಇದೆ ಅಂತ ಹೇಳಿದೆ. ಅವರಪ್ಪ ಜೋಳ ಬೆಳೆಯುವವರು. ಸೊಪ್ಪಿಗಾಗಿ ಇಷ್ಟು ಜಾಗವಾ ಅಂತ ಅವರಿಗೆ ಈಗಲೂ ಆಶ್ಚರ್ಯ.

ಪುಟ್ಟಿಯ ಶಾಲೆ ಬಗ್ಗೆ ಕೇಳಿದ್ದೀಯ. ಇದನ್ನು ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ಯಾಕೆಂದರೆ ಈ ಬದಲಾವಣೆಯಲ್ಲಿ ನನಗೆ ತುಂಬಾ ಭಯ ಇದ್ದದ್ದು ಅದರ ಬಗ್ಗೆಯೇ. ಪೇಟೆಯ ಇಂಗ್ಲಿಷ್ ಮೀಡಿಯಂ ಶಾಲೆಯ ಬಸ್ಸು ನಮ್ಮ ಕ್ರಾಸಿಗೆ ಬರುತ್ತದೆ. ಹೆಚ್ಚಿನವರು ಅದಕ್ಕೇ ಹತ್ತಿಸುತ್ತಾರೆ, ಅದು ತಪ್ಪು ಅಂತ ನಾನು ಹೇಳುವುದಿಲ್ಲ. ನಾವು ಮಾತ್ರ ನಾನೂ ನೀನೂ ಕಲಿತ ಅದೇ ಹಂಚಿನ ಶಾಲೆಗೆ ಒಂದನೇ ಕ್ಲಾಸಿಗೆ ಸೇರಿಸಿದೆವು. ಅಲ್ಲಿ ಇದ್ದದ್ದು ಹನ್ನೊಂದು ಮಕ್ಕಳು. ಹೆಸರು ಬರೆದುಕೊಳ್ಳುವಾಗ ಟೀಚರ್, ಇವಳು ಹನ್ನೆರಡನೆಯವಳು ಅಂದರು. ಅವರ ಮುಖ ನೋಡಬೇಕಿತ್ತು ನೀನು. ಮಕ್ಕಳು ಕಮ್ಮಿಯಾದರೆ ಶಾಲೆ ಉಳಿಯುವುದು ಎಷ್ಟು ಕಷ್ಟ ಅಂತ ಅವರಿಗೆ ಚೆನ್ನಾಗಿ ಗೊತ್ತು.

ಒಳಗೆ ಎಲ್ಲ ಬದಲಾಗಿದೆ. ಒಂದು, ಎರಡು, ಮೂರು ಕ್ಲಾಸಿನ ಮಕ್ಕಳು ಒಂದೇ ಕೋಣೆಯಲ್ಲಿ ಕೂರುತ್ತಾರೆ. ನಲಿಕಲಿ ಪದ್ಧತಿ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದದ್ದು, ಆಮೇಲೆ ರಾಜ್ಯಕ್ಕೆಲ್ಲ ಬಂತು. ಬೆಂಚು ಇಲ್ಲ, ಗುಂಪು ಗುಂಪಾಗಿ ನೆಲದ ಮೇಲೆ ಕೂತು ಕಾರ್ಡು ಹಿಡಿದು ಕಲಿಯುತ್ತಾರೆ, ಗೋಡೆಯ ಕೆಳಭಾಗದಲ್ಲಿ ಮಕ್ಕಳ ಕೈಗೆ ಎಟುಕುವ ಹಾಗೆ ಕಪ್ಪು ಬಣ್ಣ ಬಳಿದಿದ್ದಾರೆ, ಒಬ್ಬೊಬ್ಬರಿಗೂ ಅವರದೇ ಜಾಗ. ಅಕ್ಷರ ಕಲಿಸುವುದೂ ನಮ್ಮ ಹಾಗೆ ಅ ಆ ಇ ಈ ಅಂತ ಅಲ್ಲ. ಮೊದಲು ರ ಗ ಸ ದ ಅ. ಬರೆಯೋಕೆ ಸುಲಭ, ಮತ್ತೆ ಐದು ಅಕ್ಷರ ಬಂದ ಕೂಡಲೇ ಪದ ಕಟ್ಟಬಹುದು. ಸರ, ದರ, ಅರಸ. ಒಂದು ಸಂಜೆ ಪುಟ್ಟಿ ಸ್ಲೇಟಿನಲ್ಲಿ ಗರಗಸ ಅಂತ ಬರೆದುಕೊಂಡು ಬಂದು, ಹಾಗಂದ್ರೆ ಏನಜ್ಜ ಅಂತ ಅಪ್ಪನನ್ನು ಕೇಳಿದಳು. ಬಿದ್ದ ಮೇಲೆ ಕುರ್ಚಿ ಬಿಟ್ಟು ಏಳೋಕೆ ಬೇಜಾರು ಮಾಡುತ್ತಿದ್ದ ಅಪ್ಪ ಕೋಲು ಹಿಡಿದು ಎದ್ದು, ಕೊಟ್ಟಿಗೆ ಪಕ್ಕದ ಮಾಡಿನಿಂದ ತುಕ್ಕು ಹಿಡಿದ ಗರಗಸ ತೆಗೆದು, ಎಣ್ಣೆ ಹಚ್ಚಿ, ಒಂದು ಅಡಿಕೆ ದಬ್ಬೆ ಕೊಯ್ದು ತೋರಿಸಿದರು. ಅವತ್ತಿನಿಂದ ದಿನಾ ಶಾಲೆ ಬಿಡುವ ಹೊತ್ತಿಗೆ ಅಂಗಳದ ತುದಿಯಲ್ಲಿ ನಿಂತಿರುತ್ತಾರೆ. ಡಾಕ್ಟರು ಹೇಳಿದ ನಡಿಗೆ ಅಲ್ಲಿಗೆ ಆಗುತ್ತದೆ.

ಮಧ್ಯಾಹ್ನ ಬಿಸಿಯೂಟ. ಮೊಟ್ಟೆ ತಿನ್ನುವವರಿಗೆ ಮೊಟ್ಟೆ, ಬೇಡದವರಿಗೆ ಬಾಳೆಹಣ್ಣು. ಬೆಂಗಳೂರಿನಲ್ಲಿ ತಟ್ಟೆ ಹಿಡಿದು ಹಿಂದೆ ಓಡಬೇಕಿತ್ತು, ಇಲ್ಲಿ ಸಾರನ್ನ ಎರಡು ಸಲ ಹಾಕಿಸಿಕೊಳ್ಳುತ್ತಾಳಂತೆ.

ತೋಟದ ಸುದ್ದಿ ಅಷ್ಟು ಚೆನ್ನಾಗಿಲ್ಲ. ಎಲೆಚುಕ್ಕೆ ರೋಗ ತೀರ್ಥಹಳ್ಳಿ, ಕೊಪ್ಪ ಕಡೆ ಎಷ್ಟು ಹಾಳು ಮಾಡಿದೆ ಅಂತ ಓದಿರುತ್ತೀಯ. ನಮ್ಮಲ್ಲೂ ಕೆಳಗಿನ ತೋಟದ ಅಡಿಕೆ ಸೋಗೆಗಳ ಮೇಲೆ ಕಂದು ಚುಕ್ಕೆ ಬಂದಿದೆ. ಕೊಳೆ ರೋಗ ಅಂತೂ ಪ್ರತಿ ಮಳೆಗಾಲದ ಜೊತೆಗೇ ಬರುತ್ತದೆ. ಈ ಸಲ ಮದ್ದು ಹೊಡೆಸುವ ಜವಾಬ್ದಾರಿ ನನ್ನದು. ಮಳೆಗಾಲದ ಮೊದಲೊಂದು, ನಲವತ್ತು ನಲವತ್ತೈದು ದಿನಕ್ಕೆ ಇನ್ನೊಂದು ಅಂತ ಲೆಕ್ಕ. ಆದರೆ ಎರಡನೆಯದಕ್ಕೆ ಮಳೆ ಬಿಡುವೇ ಕೊಡಲಿಲ್ಲ. ಹೊಳವಾಯಿತು ಅಂತ ಕಂಡ ಬೆಳಿಗ್ಗೆ, ಅಡಿಕೆ ಮರ ಹತ್ತುವ ಕೊನೆಗೌಡನಿಗೆ ಫೋನ್ ಮಾಡಿದರೆ ಅವನಿಗೆ ಅವತ್ತು ನಾಲ್ಕು ಮನೆಯ ಕರೆ ಬಂದಿತ್ತು. ಮರ ಹತ್ತುವವರು ಅಷ್ಟು ಕಮ್ಮಿಯಾಗಿದ್ದಾರೆ. ಅವನ ಮಗ ಹುಬ್ಬಳ್ಳಿಯಲ್ಲಿ ಕೆಲಸಕ್ಕಿದ್ದಾನೆ. ಅವನೂ ನಮ್ಮ ಹಾಗೇ ಊರು ಬಿಟ್ಟವನು ಅಲ್ವಾ, ಅವನೊಬ್ಬ ಬಂದು ಮರ ಹತ್ತಲಿ ಅಂತ ಹೇಳೋಕೆ ಯಾರಿಗೂ ಹಕ್ಕಿಲ್ಲ. ಕಡೆಗೆ ಪಕ್ಕದೂರಿನ ಹುಡುಗರು ಫೈಬರ್ ದೋಟಿ (ಉದ್ದದ ಕೋಲು) ತಂದು ನೆಲದಲ್ಲೇ ನಿಂತು ಹೊಡೆದುಕೊಟ್ಟರು.

ಮದ್ದು ಕಲಸುವುದನ್ನು ಅಪ್ಪ ಜಗಲಿಯಲ್ಲಿ ಕೂತು ಹೇಳಿಕೊಟ್ಟರು. 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಕರಗಿಸಬೇಕು, ತಗಡಿನ ಪಾತ್ರೆ ಮುಟ್ಟಿಸಬಾರದು, ಆಮೇಲೆ ಸುಣ್ಣದ ನೀರಿಗೆ ತುತ್ತದ ನೀರು ನಿಧಾನಕ್ಕೆ ಬಿಡಬೇಕು. ನೀಲಿ ಬಣ್ಣ ಬೆಣ್ಣೆಯ ಹಾಗೆ ಗಟ್ಟಿಯಾಗುತ್ತಾ ಬರುತ್ತದೆ. ಹದ ನೋಡೋಕೆ ಉಜ್ಜಿ ಹೊಳೆಯುವ ಕತ್ತಿ ಅದ್ದಿ ತೆಗೆಯಬೇಕು. ಅಲಗಿನ ಮೇಲೆ ಕೆಂಪು ಕೂತರೆ ಸುಣ್ಣ ಸಾಲದು ಅಂತ ಅರ್ಥ. ಮೊದಲ ಸಲ ಅದ್ದಿದಾಗ ಕೆಂಪು ಬಂತು. ಅಪ್ಪ ಇನ್ನೆರಡು ಹಿಡಿ ಅಂದರು. ಮತ್ತೆ ಅದ್ದಿದಾಗ ಕತ್ತಿ ಹಾಗೇ ಬೆಳ್ಳಗೆ ಬಂತು. ಕಾಲೇಜಿನಲ್ಲಿ ಕೆಮಿಸ್ಟ್ರಿ ಲ್ಯಾಬಿನಲ್ಲಿ ನಾವಿಬ್ಬರೂ ಒಂದೇ ಮೇಜು, ನೆನಪಿದೆಯಾ? ಅಲ್ಲಿ ಕಲಿತದ್ದು ಇಷ್ಟು ಹತ್ತಿರದಲ್ಲಿ, ನಮ್ಮದೇ ಅಂಗಳದಲ್ಲಿ, ತಲೆಮಾರುಗಳಿಂದ ನಡೆಯುತ್ತಿತ್ತು.

ಕೊಯ್ಲಿನದ್ದು ಇನ್ನೂ ತೀರ್ಮಾನವಾಗಿಲ್ಲ. ಸುಲಿಯುವವರು, ಬೇಯಿಸುವವರು ಸಿಗುವುದಿಲ್ಲ ಅಂತ ಈಗ ಎಷ್ಟೋ ಮನೆಯವರು ಹಸಿ ಅಡಿಕೆಯನ್ನೇ ಮಾರಿಬಿಡುತ್ತಾರೆ. ಅಪ್ಪನಿಗೆ ಅದು ಸುತಾರಾಂ ಒಗ್ಗುವುದಿಲ್ಲ. 2019ರಲ್ಲಿ ಶಿರಸಿ ಸುಪಾರಿಗೆ ಜಿಐ (ಊರಿನ ಹೆಸರಿನ ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಾಗ ನೀನು ರಾತ್ರಿ ಫೋನ್ ಮಾಡಿ ಅವರ ಜೊತೆ ಗಂಟೆಗಟ್ಟಲೆ ಮಾತಾಡಿದ್ದೆ, ಅದನ್ನು ಈಗಲೂ ಹೇಳುತ್ತಾರೆ. ಆ ಹೆಸರು ಬಂದದ್ದೇ ಮನೆಮನೆಯ ಅಂಗಳದಲ್ಲಿ ಅಡಿಕೆ ಒಣಗಿ ಅಲ್ಲವಾ ಅಂತ ಅವರ ವಾದ. ನನಗೂ ಹೌದು ಅನ್ನಿಸುತ್ತದೆ. ಆದರೆ ಈ ವರ್ಷ ಕೊಯ್ಲು ಜೋರಾಗುವ ಹೊತ್ತಿಗೇ ಹೆರಿಗೆ. ಅರ್ಧ ಹಸಿ ಕೊಟ್ಟು ಅರ್ಧ ಮನೆಯಲ್ಲಿ ಮಾಡೋಣ ಅಂತ ನಾನು ಹೇಳಿದ್ದೇನೆ. ಅಪ್ಪ ಇನ್ನೂ ಹೂಂ ಅಂದಿಲ್ಲ.

ಹೆರಿಗೆ ದಾವಣಗೆರೆಯಲ್ಲಿ. ಇದರ ಬಗ್ಗೆ ತುಂಬಾ ಯೋಚನೆ ಮಾಡಿದೆವು. ಶಿರಸಿಯಲ್ಲೂ ಆಸ್ಪತ್ರೆ ಇದೆ, ಒಳ್ಳೆ ಡಾಕ್ಟರುಗಳಿದ್ದಾರೆ. ಆದರೆ ಏನಾದರೂ ಹೆಚ್ಚುಕಮ್ಮಿ ಆಯಿತು ಅಂದರೆ ಹುಬ್ಬಳ್ಳಿಗೋ ಮಣಿಪಾಲಕ್ಕೋ ಓಡಬೇಕು. ನಮ್ಮ ಜಿಲ್ಲೆಗೆ ಒಂದು ದೊಡ್ಡ ಆಸ್ಪತ್ರೆ ಕೊಡಿ ಅಂತ ಜನ ಕೇಳಿ ಕೇಳಿ ವರ್ಷಗಳಾದವು. ಮಳೆಗಾಲದಲ್ಲಿ ಘಟ್ಟದ ರಸ್ತೆ ಯಾವಾಗ ಮುಚ್ಚುತ್ತದೆ ಅಂತ ಹೇಳೋಕಾಗಲ್ಲ. 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದ ಮೇಲಂತೂ ಜೋರು ಮಳೆ ಬಂದ ರಾತ್ರಿ ಘಟ್ಟ ಇಳಿಯೋಕೆ ಎಲ್ಲರಿಗೂ ಹೆದರಿಕೆ. ಹಾಗಾಗಿ ಅಕ್ಟೋಬರ್‌ನಲ್ಲಿ ಇಲ್ಲೇ ಸೀಮಂತ ಮಾಡಿ, ದಸರಾ ರಜೆಯಲ್ಲಿ ಹಾವೇರಿ ಮೇಲೆ ಕರೆದುಕೊಂಡು ಹೋಗಿ ತವರಲ್ಲಿ ಬಿಟ್ಟು ಬರುತ್ತೇನೆ. ಬಾಣಂತನವೂ ಅಲ್ಲೇ. ಅಮ್ಮನಿಗೆ ಒಳಗೊಳಗೆ ಬೇಜಾರು, ನನಗೆ ಗೊತ್ತು. ಕೇಳಿದರೆ, ಮಗು ಮುಖ್ಯ ಅನ್ನುತ್ತಾರೆ.

ಪುಟ್ಟಿ ಅಮ್ಮನ ಜೊತೆ ಹೋಗಬೇಕಾ, ಶಾಲೆಗಾಗಿ ನನ್ನ ಜೊತೆ ಇಲ್ಲೇ ಇರಬೇಕಾ? ಇದೊಂದಕ್ಕೆ ಉತ್ತರ ಸಿಕ್ಕಿಲ್ಲ. ಅಮ್ಮನನ್ನು ಬಿಟ್ಟು ಅವಳು ಇಷ್ಟು ದಿನ ಇದ್ದದ್ದೇ ಇಲ್ಲ. ನಿನ್ನ ಮಗನಿಗೂ ತಂಗಿ ಹುಟ್ಟಿದಾಗ ಇದೇ ವಯಸ್ಸು. ನೀವು ಹೇಗೆ ಸಂಭಾಳಿಸಿದಿರಿ? ನಿನ್ನ ಹೆಂಡತಿಯ ಹತ್ತಿರ ಕೇಳಿ ಇವಳಿಗೊಂದು ಫೋನ್ ಮಾಡಿಸು. ನನ್ನ ಮಾತಿಗಿಂತ ಅವಳ ಮಾತು ಇವಳಿಗೆ ಧೈರ್ಯ ಕೊಡುತ್ತದೆ.

ನನ್ನ ಆಫೀಸಿನ ಕೆಲಸ ನಡೆಯುತ್ತಿದೆ. ಇನ್ವರ್ಟರ್ ಹಾಕಿಸಿದ್ದೇನೆ, ಕೇಬಲ್ ಮೇಲೆ ಮರ ಬಿದ್ದರೆ ಲ್ಯಾಪ್‌ಟಾಪ್ ಹಿಡಿದು ಪೇಟೆಗೆ ಹೋಗುತ್ತೇನೆ. ಅಷ್ಟೇ, ಅದರಲ್ಲಿ ಹೇಳುವಂಥದ್ದು ಜಾಸ್ತಿ ಇಲ್ಲ.

ಇನ್ನು ನಿಮ್ಮ ಮನೆ. ನಿನ್ನ ಅಮ್ಮ ದಿನಾ ಫೋನಿನಲ್ಲಿ ಆರಾಮು ಅನ್ನುತ್ತಾರೆ ಅಂದೆ. ನಿಜವಾಗಿಯೂ ಆರಾಮಿದ್ದಾರೆ, ನಾನು ಕಣ್ಣಾರೆ ನೋಡಿ ಹೇಳುತ್ತಿದ್ದೇನೆ. ಕಣ್ಣಿನ ಪೊರೆಯ ಆಪರೇಷನ್ ಆದ ಮೇಲೆ ಎದುರಿನ ದಿಬ್ಬದಲ್ಲಿ ಬರುವವರು ಯಾರು ಅಂತ ಇಲ್ಲಿಂದಲೇ ಗುರುತಿಸುತ್ತಾರೆ. ಹೀರೆ, ಹಾಗಲ, ಮೊಗೆಕಾಯಿ ಚಪ್ಪರ ಈ ಸಲ ಚೆನ್ನಾಗಿ ಬಂದಿದೆ, ಮೊಗೆಕಾಯಿ ನಮಗೂ ಬರುತ್ತಿದೆ. ನಿನ್ನ ಅಪ್ಪ ಸಂಜೆ ನಮ್ಮ ಜಗಲಿಗೆ ಬಂದು ಅಪ್ಪನ ಜೊತೆ ಇಸ್ಪೀಟು ಆಡುತ್ತಾರೆ. ನೀನು ಬರಲೇಬೇಕು, ಎಲ್ಲ ಬಿಟ್ಟು ಬಾ ಅಂತ ನಾನು ಹೇಳುವುದಿಲ್ಲ. ನಿನ್ನ ಸಾಲ, ಮಕ್ಕಳ ಓದು, ಎಲ್ಲ ನನಗೆ ಗೊತ್ತು. ನೀನು ಬರುವವರೆಗೆ ನಾನಿದ್ದೇನೆ. ರಾತ್ರಿ ಎಷ್ಟು ಹೊತ್ತಿಗೆ ಕರೆದರೂ ಐದು ನಿಮಿಷದಲ್ಲಿ ನಿಮ್ಮ ಅಂಗಳದಲ್ಲಿರುತ್ತೇನೆ. ಇದನ್ನು ನಿನ್ನ ಅಮ್ಮನಿಗೂ ಹೇಳಿದ್ದೇನೆ.

ಆದರೆ ದೊಡ್ಡಹಬ್ಬಕ್ಕಾದರೂ, ಅಂದರೆ ದೀಪಾವಳಿಗಾದರೂ ಬಾ. ಬೆಂಗಳೂರಿನಿಂದ ರಾತ್ರಿ ರೈಲು ಹತ್ತಿದರೆ ಬೆಳಿಗ್ಗೆ ತಾಳಗುಪ್ಪ, ಅಲ್ಲಿಗೆ ನಾನು ಕಾರು ತರುತ್ತೇನೆ. ಪುಟ್ಟಿಯ ಅಳತೆಗೆ ಒಂದು ಗಟ್ಟಿ ರೈನ್‌ಕೋಟು ತಾ, ಡಬ್ಲಿನ್‌ನಲ್ಲಿ ಒಳ್ಳೆಯದು ಸಿಗಬೇಕು. ಟಿಕೆಟ್ ಆದ ಕೂಡಲೇ ತಾರೀಕು ತಿಳಿಸು. ನಿಮ್ಮ ತೋಟದ ಕೊಯ್ಲನ್ನೂ ನೀನಿರುವಾಗಲೇ ಇಟ್ಟುಕೊಳ್ಳೋಣ ಅಂತ ನಿನ್ನ ಅಪ್ಪನಿಗೆ ಆಸೆ, ಕೊನೆಗೌಡನಿಗೆ ಈಗಲೇ ಹೇಳಿಡಬೇಕು.

ನಿನ್ನ ಗೆಳೆಯ