ಮಗಳಿಗೊಂದು ಪತ್ರ: ಆ ಫೋಟೊಗಳು ಎಲ್ಲಿ ಹೋದವು

ಪ್ರೀತಿಯ ಪುಟ್ಟಿ,

ಕಂಪ್ಯೂಟರಿಗೆ ಕಮ್ಯಾಂಡ್ (ಆಜ್ಞೆ) ಹೊಡೆದು ಕೆಲಸ ಹೇಳೋ ಟರ್ಮಿನಲ್ ತೆರೆದರೆ ಬರೀ ಕಪ್ಪು ಪರದೆ, ಏನು ಹೊಡೆಯಬೇಕೋ ತಿಳಿಯಲ್ಲ ಅಂದೆಯಲ್ಲ. ಮೊದಲು ಪಿಡಬ್ಲ್ಯುಡಿ ಅಂತ ಹೊಡಿ. ರಸ್ತೆ ಗುಂಡಿ ಮುಚ್ಚೋ ಇಲಾಖೆ ಅಲ್ಲ! ನೀನು ಈಗ ಯಾವ ಫೋಲ್ಡರಿನಲ್ಲಿ ಇದ್ದೀಯ ಅಂತ ಅದು ಹೇಳುತ್ತದೆ. ಎಲ್‌ಎಸ್ ಅಂದರೆ ಅಲ್ಲಿ ಏನೇನಿದೆ ಅಂತ ತೋರಿಸುತ್ತದೆ. ಸಿಡಿ ಅಂದರೆ ಬೇರೆ ಫೋಲ್ಡರಿಗೆ ಹೋಗೋದು. ಒಂದು ವಾರ ಇವುಗಳಲ್ಲೇ ಸುಮ್ನೆ ಓಡಾಡು. ಹೆಸರಿನ ಎರಡು ಅಕ್ಷರ ಹೊಡೆದು ಟ್ಯಾಬ್ ಒತ್ತು, ಹಾಗೆ ಶುರುವಾಗೋದು ಒಂದೇ ಹೆಸರಿದ್ದರೆ ಉಳಿದದ್ದು ತಾನೇ ತುಂಬಿಕೊಳ್ಳುತ್ತದೆ.

ಹೆಸರುಗಳು ಯಾಕಿಷ್ಟು ಮೋಟು ಅಂತ ನಾನೂ ಬೈದುಕೊಂಡಿದ್ದೆ. ಇವುಗಳ ಮೂಲ ಯುನಿಕ್ಸ್ ಅನ್ನೋ ಆಪರೇಟಿಂಗ್ ಸಿಸ್ಟಂ. ಅಮೆರಿಕದ ಬೆಲ್ ಲ್ಯಾಬ್ಸ್ ಅನ್ನೋ ಸಂಶೋಧನಾ ಸಂಸ್ಥೆಯಲ್ಲಿ ಅದು ಹುಟ್ಟಿದ್ದು 1969ರಲ್ಲಿ. ಆಗಿನವರು ಹೊಡೆಯುತ್ತಿದ್ದುದು ಟೆಲಿಟೈಪ್ ಅನ್ನೋ, ಕಾಗದದ ಮೇಲೆ ಅಚ್ಚೊತ್ತೋ ಯಂತ್ರದ ಮೇಲೆ, ಸೆಕೆಂಡಿಗೆ 10 ಅಕ್ಷರ ಬಂದರೆ ಹೆಚ್ಚು. ಒಂದಕ್ಷರ ಉಳಿದರೂ ಲಾಭ ಅಲ್ವಾ?

ದಿನಾ ಹೊಡೆಯೋ ಕಮ್ಯಾಂಡ್‌ಗಳನ್ನು ಒಂದು ಫೈಲಿನಲ್ಲಿ ಸಾಲಾಗಿ ಬರೆದಿಟ್ಟರೆ ಅದೇ ಶೆಲ್ ಸ್ಕ್ರಿಪ್ಟ್. ಕಮ್ಯಾಂಡ್ ಓದಿ ನಡೆಸೋ ಪ್ರೋಗ್ರಾಂಗೆ ಶೆಲ್ ಅಂತಾರೆ, ಬ್ಯಾಶ್ ಅಂಥದ್ದೊಂದು. ಅದು ಮೇಲಿಂದ ಕೆಳಗೆ ಒಂದೊಂದೇ ಸಾಲು ನಡೆಸುತ್ತದೆ. ನಡುವೆ ಒಂದು ಸಾಲು ಕೆಟ್ಟರೂ, ನೀನು ಹೇಳದ ಹೊರತು ನಿಲ್ಲುವುದಿಲ್ಲ.

ಈಗ ಒಂದು ತಪ್ಪೊಪ್ಪಿಗೆ. ನಿನ್ನ ಮೊದಲ ಹುಟ್ಟುಹಬ್ಬದ ಫೋಟೊ ಯಾಕಿಲ್ಲ ಅಂತ ಎಷ್ಟು ಸಲ ಕೇಳಿದ್ದೀಯ! ನಮ್ಮ ಕಂಪ್ಯೂಟರಿನಲ್ಲಿ 'ಫೋಟೊ' ಅಂತ ಒಂದು ಫೋಲ್ಡರ್ ಇತ್ತು, ಕೆಟ್ಟ ಚಿತ್ರಗಳದ್ದು 'ಫೋಟೊ ಬೇಡದ್ದು' ಅಂತ ಇನ್ನೊಂದು. ಎರಡನೆಯದನ್ನು ಅಳಿಸಲು ಸ್ಕ್ರಿಪ್ಟ್ ಬರೆದೆ. ಹೆಸರನ್ನು ವೇರಿಯಬಲ್ ಅನ್ನೋ ಡಬ್ಬಿಯಲ್ಲಿಟ್ಟೆ, ಅದರೊಳಗಿನದನ್ನು ತೆಗೆಯಲು ಡಾಲರ್ ಗುರುತು ಹಾಕಿದೆ, ಸುತ್ತ ಡಬಲ್ ಕೋಟ್ ಹಾಕಲಿಲ್ಲ. ಖಾಲಿ ಜಾಗ ಕಂಡಲ್ಲಿ ಶೆಲ್ ಹೆಸರನ್ನು ಎರಡು ತುಂಡು ಮಾಡಿತು. 'ಫೋಟೊ' ಮಂಗಮಾಯ. 'ಬೇಡದ್ದು' ಅನ್ನೋದು ಸಿಗಲಿಲ್ಲ ಅಂತ ಒಂದು ದೂರು ಬೇರೆ. ಬೇಡದ ಚಿತ್ರಗಳೆಲ್ಲ ಕ್ಷೇಮವಾಗಿದ್ದವು!

ಅಳಿಸೋ ಕಮ್ಯಾಂಡ್ ಆರ್‌ಎಂ ಕಸದ ಬುಟ್ಟಿಗೆ ಹಾಕುವುದಿಲ್ಲ ಕಣೇ, ನೇರ ಅಳಿಸಿಬಿಡುತ್ತದೆ. ಹಾಗಾಗಿ ವೇರಿಯಬಲ್‌ಗೆ ಯಾವಾಗಲೂ ಡಬಲ್ ಕೋಟ್ ಹಾಕು. ಅಳಿಸೋ ಮುಂಚೆ, ಕೊಟ್ಟದ್ದನ್ನು ಪರದೆ ಮೇಲೆ ತೋರಿಸೋ ಎಕೋ ಕಮ್ಯಾಂಡ್ ಹಾಕಿ ನೋಡು ಅಂತ ಕೆಲವರು ಹೇಳುತ್ತಾರೆ. ಆದರೆ ಕೋಟ್ ಇದ್ದರೂ ಇಲ್ಲದಿದ್ದರೂ ಎಕೋ ತೋರಿಸೋದು ಒಂದೇ ಥರ, ನನ್ನಂಥ ತಪ್ಪು ಅದಕ್ಕೆ ಸಿಗಲ್ಲ. ಆರ್‌ಎಂ ಜಾಗದಲ್ಲಿ ಎಲ್‌ಎಸ್ ಇಟ್ಟು ಒಮ್ಮೆ ನಡೆಸು. ಯಾವ ಫೋಲ್ಡರಿಗೆ ಕೈ ಹಾಕಲಿದ್ದೀಯ ಅಂತ ಕಾಣುತ್ತದೆ.

ಮುಂದಿನ ವಾರ ಪೈಪ್ ಬಗ್ಗೆ ಬರೆಯುತ್ತೇನೆ. ಅಂದಹಾಗೆ, ಅಮ್ಮ ಇವತ್ತಿಗೂ ಹಾರ್ಡ್ ಡಿಸ್ಕ್ ಕೆಟ್ಟಿತ್ತು ಅಂತಲೇ ನಂಬಿದ್ದಾಳೆ. ಫೋನಿನಲ್ಲಿ ಬಾಯಿ ಬಿಡಬೇಡ.

ನಿನ್ನ
ಅಪ್ಪ