ನಿರೀಕ್ಷೆ ಮುರಿದ ಕಡೆಯಿಂದ ಬರೆ

ಪ್ರೀತಿಯ ತಂಗಿಗೆ,

ನಿನ್ನ ಲೇಖನವನ್ನು ಗಮನವಿಟ್ಟು ಓದಿದೆ. ಈಚೆಗೆ ನೋಡಿದ ‘ಕೋರ್ಟ್’, ‘ತಿಥಿ’ ಎಂಬ ಎರಡು ಚಿತ್ರಗಳೂ ನಿನ್ನ ಎಣಿಕೆಯನ್ನು ತಲೆಕೆಳಗು ಮಾಡಿದವೆಂದು ಬರೆದಿರುವೆ. ಆದರೆ ಆ ಎಣಿಕೆ ಏನಿತ್ತು, ಯಾವ ದೃಶ್ಯದಲ್ಲಿ ಅದು ಮುರಿಯಿತು ಎಂಬುದನ್ನು ಹೇಳದೆ ‘ಅದ್ಭುತ’, ‘ವಿಭಿನ್ನ’ ಎಂದು ಮುಗಿಸಿಬಿಟ್ಟಿರುವೆ.

ಚೈತನ್ಯ ತಾಮ್ಹಣೆಯವರ 2014ರ ಮರಾಠಿ ಚಿತ್ರ ‘ಕೋರ್ಟ್’ ಅನ್ನೇ ನೋಡು. ಮ್ಯಾನ್‌ಹೋಲ್ ಕಾರ್ಮಿಕನೊಬ್ಬನ ಆತ್ಮಹತ್ಯೆಗೆ ಹಾಡಿನಿಂದ ಪ್ರಚೋದನೆ ಕೊಟ್ಟನೆಂದು ವಯಸ್ಸಾದ ಲೋಕಶಾಹೀರನೊಬ್ಬನನ್ನು, ಅಂದರೆ ಜನಪದ ಹಾಡುಗಾರನನ್ನು, ಬಂಧಿಸುತ್ತಾರೆ ಎಂದ ಕೂಡಲೇ, ಆವೇಶದ ವಾದ, ಕಟಕಟೆಯಲ್ಲಿ ಕಣ್ಣೀರು, ಕೊನೆಗೊಂದು ತೀರ್ಪು ಇವುಗಳಿಗೆ ನಾವು ಸಿದ್ಧರಾಗಿ ಕೂರುತ್ತೇವೆ. ಇಲ್ಲಿ ಕ್ಯಾಮೆರಾ ದೂರದಲ್ಲಿ ಅಲುಗದೆ ನಿಂತಿರುತ್ತದೆ. ಸರ್ಕಾರಿ ವಕೀಲೆ ಕಾನೂನಿನ ಕಲಮುಗಳನ್ನು ಒಂದೇ ದನಿಯಲ್ಲಿ ಓದಿ ಮುಗಿಸಿ, ಲೋಕಲ್ ಟ್ರೇನಿನಲ್ಲಿ ಮನೆಗೆ ಮರಳಿ ಅಡುಗೆಗೆ ನಿಲ್ಲುತ್ತಾರೆ. ರಜೆ ಬಂದು ನ್ಯಾಯಾಲಯದ ದೀಪಗಳು ಆರಿ ತೆರೆ ಕತ್ತಲಾದಾಗ ಚಿತ್ರ ಮುಗಿಯಿತೆಂದೇ ತೋರುತ್ತದೆ. ಮುಗಿಯುವುದಿಲ್ಲ. ನ್ಯಾಯಾಧೀಶರು ಸಂಸಾರ ಸಮೇತ ರೆಸಾರ್ಟಿಗೆ ಹೋಗಿ ಬೆಂಚಿನ ಮೇಲೆ ತೂಕಡಿಸುತ್ತಾರೆ. ಮಕ್ಕಳು ಕೂಗಿ ಎಬ್ಬಿಸಿದಾಗ ಒಂದು ಮಗುವಿನ ಕೆನ್ನೆಗೆ ಬಾರಿಸಿ, ಮತ್ತೆ ಕಣ್ಣು ಮುಚ್ಚುತ್ತಾರೆ. ನಾವು ಅಷ್ಟು ಹೊತ್ತು ಕಾದಿದ್ದ ತೀರ್ಪಿನ ಜಾಗದಲ್ಲಿ, ವಿಚಾರಣೆಯಿಲ್ಲದ ಆ ಏಟು ಬಂದು ಕೂತಿದೆ ಎಂದೇ ನನ್ನ ಭಾವನೆ. ನಿನ್ನ ಲೇಖನದಲ್ಲಿ ಈ ದೃಶ್ಯದ ಪ್ರಸ್ತಾಪವೇ ಇಲ್ಲ. ಪ್ರಶಸ್ತಿಗಳ ಪಟ್ಟಿಯನ್ನು ಕೈಬಿಟ್ಟು, ಆ ಜಾಗವನ್ನೆಲ್ಲ ಇದಕ್ಕೆ ಕೊಡು.

ರಾಮ್ ರೆಡ್ಡಿಯವರ ಕನ್ನಡ ಚಿತ್ರ ‘ತಿಥಿ’ಯ ವಿಷಯದಲ್ಲಿ ತೊಡಕು ಬೇರೆ, ಅದು ಮುಂಬಯಿಯಲ್ಲಿರುವ ನಮ್ಮೆಲ್ಲರದು. ಊರು ಬಿಟ್ಟು ಬಂದ ಮನೆತನಗಳಲ್ಲಿ ಬೆಳೆದವರು ತೆರೆಯ ಮೇಲೆ ಹಳ್ಳಿ ಕಂಡೊಡನೆ ಕಣ್ಣು ತುಂಬಿಕೊಳ್ಳಲು ಕಾದಿರುತ್ತೇವೆ. ಆ ಹಂಬಲಕ್ಕೆ ಚಿತ್ರ ಸೊಪ್ಪು ಹಾಕುವುದಿಲ್ಲ. ನೂರೊಂದು ವರ್ಷದ ಸೆಂಚುರಿ ಗೌಡ ಆರಂಭದಲ್ಲೇ ತೀರಿಕೊಂಡರೂ ಮಗ ಗಡ್ಡಪ್ಪ ಅಳದೆ, ಬೀಡಿ ಸೇದುತ್ತ, ಕುಡಿಯುತ್ತ ಅಲೆಯುತ್ತಾನೆ. ಜಮೀನು ಮಾರುವ ಆತುರದಲ್ಲಿರುವ ಮೊಮ್ಮಗ ತಮ್ಮಣ್ಣ, ಬದುಕಿರುವ ತಂದೆ ಗಡ್ಡಪ್ಪ ಸತ್ತನೆಂದು ಕಾಗದ ಮಾಡಿಸುತ್ತಾನೆ. ನಟನೆ ಕಲಿಯದ ಮಂಡ್ಯ ಕಡೆಯ ಹಳ್ಳಿಗರೇ ಇದನ್ನೆಲ್ಲ ಅಭಿನಯಿಸಿರುವುದರಿಂದ, ಯಾರೂ ನಮ್ಮ ಕರುಣೆಯನ್ನು ಬೇಡುತ್ತಿರುವಂತೆ ಕಾಣುವುದಿಲ್ಲ.

‘ಭಾವುಕತೆ ಸಾಲದು’ ಎಂದು ನೀನು ದೂರಿರುವೆ. ದಯವಿಟ್ಟು ಆ ಸಾಲನ್ನು ಅಳಿಸಬೇಡ, ಇಡೀ ಲೇಖನದಲ್ಲಿ ನಿನ್ನದೇ ಆದ ಮಾತು ಅದೊಂದೇ. ಡೊಂಬಿವಲಿಯಲ್ಲಿ ಬೆಳೆದ ನಿನಗೆ ಆ ಹಳ್ಳಿಯಿಂದ ಏನು ಬೇಕಾಗಿತ್ತು, ಅದನ್ನು ಯಾರ ಮಾತುಗಳಿಂದ, ಯಾವ ಹಳೆಯ ಚಿತ್ರಗಳಿಂದ ಕಲಿತೆ ಎಂದು ಮುಂದುವರಿಸು. ತಿದ್ದಿದ ಪ್ರತಿ ಕೈಸೇರಿದ ಮೇಲೆ ಮಾಟುಂಗದ ಮೈಸೂರು ಅಸೋಸಿಯೇಷನ್ನಿನಲ್ಲಿ ಕೂತು ಮಾತಾಡೋಣ.

ಇಂತಿ,
ನಿನ್ನ ಹಿತೈಷಿ