ಕ್ಯಾಸಂಬಳ್ಳಿಯ ಮಂತ್ರಿ, ನಮ್ಮ ಬೀದಿಯ ಅಕ್ಕ

ಮೈಸೂರಿನ ಮೊದಲ ಮುಖ್ಯಮಂತ್ರಿ ಕೆ.ಸಿ. ರೆಡ್ಡಿಯವರ ರಾಜಕೀಯ ಬದುಕಿನ ಮೇಲೆ ನಾನು ಬರೆದ ಪಿಎಚ್‌.ಡಿ. ಪ್ರಬಂಧದ ಮೌಖಿಕ ಪರೀಕ್ಷೆ ಸೋಮವಾರ ಮುಗಿಯಿತು. ಪದವಿ ಬಂತು. ಹಾರೈಸಿದವರಿಗೆಲ್ಲ ನಮಸ್ಕಾರ.

ನನ್ನ ಮಾರ್ಗದರ್ಶಕರು, ಹಳೆಯ ಪತ್ರಿಕೆಗಳ ಕಟ್ಟು ಬಿಚ್ಚಿಕೊಟ್ಟ ಗ್ರಂಥಾಲಯದವರು, ರೆಡ್ಡಿಯವರ ಊರು ಕ್ಯಾಸಂಬಳ್ಳಿಯಲ್ಲಿ ಕರೆದು ಕೂರಿಸಿ ಮಾತಾಡಿದ ಹಿರಿಯರು, ವಿದುರಾಶ್ವತ್ಥಕ್ಕೆ ಬೈಕಿನಲ್ಲಿ ಕರೆದೊಯ್ದ ತಮ್ಮ, ಎಲ್ಲರಿಗೂ ಋಣಿ.

ಆದರೆ ಪಕ್ಕದ ಮನೆ ಅಕ್ಕನ ವಿಷಯ ಬೇರೆ.

ಪ್ರಬಂಧ ಬರೆಯುತ್ತಿದ್ದಾಗ ಒಂದು ರಾತ್ರಿ ಅಮ್ಮನ ಜೀವಕ್ಕೇ ಅಪಾಯ ಬಂದಿತ್ತು. ಆ ರಾತ್ರಿ ಕೋಲಾರದ ಆಸ್ಪತ್ರೆಯಲ್ಲಿ ನನ್ನ ಜೊತೆ ಇದ್ದವರು ಅಕ್ಕ ಒಬ್ಬರೇ. ಅವತ್ತು ಅವರ ಮನೆಯಲ್ಲಿ ರೇಷ್ಮೆ ಹುಳ ಹಣ್ಣಾಗಿ ಗೂಡು ಕಟ್ಟುವ ಹಂತಕ್ಕೆ ಬಂದಿತ್ತು. ಹೊತ್ತು ಮೀರದಂತೆ ಹುಳ ಆರಿಸಿ, ಅವು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಬಿಡದಿದ್ದರೆ ಅಷ್ಟು ದಿನದ ದುಡಿಮೆ ಮಣ್ಣುಪಾಲು. ಅದನ್ನೆಲ್ಲ ಭಾವನ ಕೈಗೆ ಬಿಟ್ಟು, ಉಟ್ಟ ಸೀರೆಯಲ್ಲೇ ಆಂಬುಲೆನ್ಸ್ ಹತ್ತಿದ್ದರು.

ನಡುರಾತ್ರಿ ಡಾಕ್ಟರು ಒಂದು ಮಾತು ಹೇಳಿ ಹೋದರು. ನಾನು ಕುಸಿದೆ. ಅಮ್ಮನೇ ಇಲ್ಲವಾದರೆ ಈ ಓದು ಯಾಕೆ, ಬರೆದದ್ದನ್ನೆಲ್ಲ ಸುಟ್ಟುಬಿಡ್ತೀನಿ ಎಂದು ಅತ್ತೆ. ಅಕ್ಕ ಸುಮ್ಮನಿರು ಅನ್ನಲಿಲ್ಲ. ಬೆನ್ನ ಮೇಲೆ ಕೈಯಿಟ್ಟು, "ಸುಡೋ ಮುಂಚೆ ಅದ್ರಾಗೇನೈತೆ ನಂಗೊಂದು ಕಿತ ಹೇಳು" ಅಂದರು.

ಹೇಳಿದೆ. 1902ರಲ್ಲಿ ಹುಟ್ಟಿದ ನಮ್ಮ ಸೀಮೆಯ ಹುಡುಗ ಪ್ರಜಾಪಕ್ಷ ಕಟ್ಟಿದ್ದು, 1938ರ ಏಪ್ರಿಲ್ 25ರಂದು ವಿದುರಾಶ್ವತ್ಥದಲ್ಲಿ ಕಾಂಗ್ರೆಸ್ ಬಾವುಟ ಹಾರಿಸಲು ಸೇರಿದ್ದ ಜನರ ಮೇಲೆ ಗುಂಡು ಹಾರಿದ್ದು, ಜನರ ಸರ್ಕಾರಕ್ಕಾಗಿ ನಡೆದ 1947ರ ಮೈಸೂರು ಚಲೋ ಚಳವಳಿ. ಸೆಪ್ಟೆಂಬರಿನಲ್ಲಿ ಪೊಲೀಸರು ಹಿಡಿದೊಯ್ದ ಮನುಷ್ಯ ಅಕ್ಟೋಬರಿನಲ್ಲಿ ಮೈಸೂರು ಸಂಸ್ಥಾನದ ಮುಖ್ಯಮಂತ್ರಿ! ಅಲ್ಲಿಗೆ ನಿಲ್ಲಿಸಿದೆ. ಅಕ್ಕ ನಿಲ್ಲಿಸಲಿಲ್ಲ. "ಗದ್ದುಗೆ ಸಿಕ್ತು ಸರಿ. ಆಮೇಲೆ ಆವಯ್ಯ ಏನು ಮಾಡ್ದ? ಊರ ಕಡೆ ಬತ್ತಿದ್ನಾ?"

ನನ್ನ ಐದನೇ ಅಧ್ಯಾಯ ಹುಟ್ಟಿದ್ದು ಆ ಪ್ರಶ್ನೆಯಿಂದ. ಬೀದಿಯಲ್ಲಿ ಕೂಗಿದ್ದಕ್ಕಿಂತ ಕುರ್ಚಿಯಲ್ಲಿ ಕೂತದ್ದೇ ಅವರಿಗೆ ಕಷ್ಟವಾಗಿತ್ತು ಎಂಬುದು ನನ್ನ ತೀರ್ಮಾನ. ಮಹಾರಾಜರು ನೇಮಿಸಿದ ದಿವಾನರ ಆಡಳಿತದ ವಿರುದ್ಧ ಹೋರಾಡಿದವರು ಮುಖ್ಯಮಂತ್ರಿಯಾದಾಗಲೂ ರಾಮಸ್ವಾಮಿ ಮುದಲಿಯಾರ್ ದಿವಾನರಾಗಿಯೇ ಇದ್ದರು, 1949ರವರೆಗೂ. ಅವರನ್ನಿಟ್ಟುಕೊಂಡೇ ಜನರ ಸರ್ಕಾರ ನಡೆಸಬೇಕಿತ್ತು. 1952ರಲ್ಲಿ ದೆಹಲಿಗೆ ಹೋಗಿ ನೆಹರೂ ಸಂಪುಟದಲ್ಲಿ ಉತ್ಪಾದನಾ ಖಾತೆ, ಮುಂದೆ ವಾಣಿಜ್ಯ ಮತ್ತು ಕೈಗಾರಿಕೆ, 1965ರಲ್ಲಿ ಮಧ್ಯಪ್ರದೇಶದ ರಾಜ್ಯಪಾಲ ಹುದ್ದೆ. ಒಂದೊಂದು ಮೆಟ್ಟಿಲು ಹತ್ತಿದಂತೆ ಕ್ಯಾಸಂಬಳ್ಳಿ ಎಷ್ಟು ದೂರವಾಯಿತು ಎಂದು ಅಳೆಯುವ ಧೈರ್ಯ ಕೊಟ್ಟದ್ದು ಶಾಲೆಯ ಮೆಟ್ಟಿಲು ಹತ್ತದ ಅಕ್ಕ. ಮೌಖಿಕ ಪರೀಕ್ಷೆಯಲ್ಲಿ ಹೆಚ್ಚು ಹೊತ್ತು ಚರ್ಚೆಯಾದದ್ದೂ ಅದೇ ಅಧ್ಯಾಯ.

ಬೆಳಗಿನ ಜಾವ ಅಮ್ಮ ಕಣ್ಣು ಬಿಟ್ಟಾಗ ಮೊದಲು ಅತ್ತದ್ದು ಅಕ್ಕ. ರಾತ್ರಿಯೆಲ್ಲ ಅದನ್ನು ಹೇಗೆ ತಡೆದಿದ್ದರೋ. ಆ ಸಲದ ಗೂಡಿಗೆ ಒಳ್ಳೆ ರೇಟು ಸಿಗಲಿಲ್ಲ ಎಂದು ಭಾವನಿಂದ ತಿಳಿಯಿತು. ಅಕ್ಕ ಇವತ್ತಿಗೂ ಆ ಮಾತೆತ್ತಿಲ್ಲ.

ಅಮ್ಮ ಈಗ ಊಟ ಮಾಡುತ್ತಾರೆ, ಅಂಗಳದವರೆಗೆ ನಡೆಯುತ್ತಾರೆ. ಅಕ್ಕ, ಬೈಂಡ್ ಆದ ಮೊದಲ ಪ್ರತಿ ನಿಮ್ಮದು. ಹುಳದ ಕೆಲಸ ಮುಗಿದ ದಿನ ಹೇಳಿ ಕಳಿಸಿ, ಐದನೇ ಅಧ್ಯಾಯವನ್ನು ನಾನೇ ಬಂದು ಪೂರ್ತಿ ಓದಿ ಹೇಳುತ್ತೇನೆ.